ಚಾರ್ಜರ್ ಮುಂದೆ ನಾಲ್ಕು ಕಾರು, ಎರಡು ಗನ್: ಯಾರು ಮೊದಲು, ಎಷ್ಟು ಹೊತ್ತು?

ಬನಶಂಕರಿ ಇವಿ (ಚರ್ಚೆ ಶುರು ಮಾಡಿದವರು)

ನೇರವಾಗಿ ಹೇಳಿಬಿಡುತ್ತೇನೆ. ಮನೆಯಲ್ಲೇ ಎಲೆಕ್ಟ್ರಿಕ್ ಕಾರು (ಇವಿ) ಚಾರ್ಜ್ ಮಾಡಿಕೊಳ್ಳುವ ಅನುಕೂಲ ಇರುವವರು, ಊರೊಳಗಿನ ಫಾಸ್ಟ್ ಚಾರ್ಜರ್ ಮುಂದೆ ಆ ಅನುಕೂಲ ಇಲ್ಲದವರು ಕಾಯುತ್ತಿದ್ದರೆ ಜಾಗ ಬಿಟ್ಟುಕೊಡಬೇಕು. ನನ್ನ ಮನೆಯಲ್ಲೂ ಚಾರ್ಜಿಂಗ್ ಪಾಯಿಂಟ್ ಇದೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

2020ರಲ್ಲಿ ನೆಕ್ಸಾನ್ ಇವಿ, ಝಡ್‌ಎಸ್ ಇವಿ ಬಂದ ಹೊಸದರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಸಿರು ಪ್ಲೇಟಿನ ಇನ್ನೊಂದು ಕಾರು ಕಂಡರೆ ನಿಲ್ಲಿಸಿ ಮಾತಾಡಿಸುತ್ತಿದ್ದೆವು. ಈಗ ಒಂದೇ ಪಾರ್ಕಿಂಗ್‌ನಲ್ಲಿ 38 ಯೂನಿಟ್ ಬ್ಯಾಟರಿಯ ವಿಂಡ್ಸರ್, 79 ಯೂನಿಟ್‌ನ ಬಿಇ 6, ಪಕ್ಕದಲ್ಲಿ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರದ ಕ್ಯಾಬ್, ಅದರ ಹಿಂದೆ ಇನ್ನೊಂದು ಕ್ಯಾಬ್. ಎಲ್ಲರ ಕಣ್ಣೂ ಅವೇ ಎರಡು ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಕೇಬಲ್‌ನ ತುದಿ) ಮೇಲೆ.

ಜಗಳಗಳನ್ನು ನೋಡುತ್ತಾ ಬಂದಿದ್ದೇನೆ. ಅರ್ಧ ಜಗಳ ಮಷೀನ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಬರುತ್ತವೆ. 60 ಕಿಲೋವ್ಯಾಟ್ ಅಂತ ಬರೆದಿರುವ ಎರಡು ಗನ್ನಿನ ಮಷೀನ್ ತಗೊಳ್ಳಿ. ಒಂದೇ ಕಾರು ಇದ್ದರೆ ಅದಕ್ಕೆ 60ರ ತನಕ ಸಿಗುತ್ತದೆ. ಎರಡನೆಯವರು ಗನ್ ಹಾಕಿದ ತಕ್ಷಣ ಸಾಮಾನ್ಯವಾಗಿ 30-30 ಆಗಿ ಹಂಚಿಹೋಗುತ್ತದೆ. ಮೊದಲಿನವರು ಫೋನ್ ನೋಡುತ್ತಾರೆ, ಸ್ಪೀಡ್ ಅರ್ಧ ಆಗಿದೆ. ಸೀದಾ ಬಂದು ಪಕ್ಕದವರ ಮೇಲೆ ರೇಗುತ್ತಾರೆ. ಪಕ್ಕದವರು ಮಾಡಿದ ತಪ್ಪಾದರೂ ಏನು? ಆ ಮಷೀನ್ ಇಟ್ಟಿರುವುದೇ ಇಬ್ಬರಿಗೆ ಅಂತ.

ಇನ್ನೊಂದು, ಶೇಕಡಾ 80ರ ವಿಷಯ. 80 ದಾಟಿದ ಮೇಲೆ ಬ್ಯಾಟರಿಯನ್ನು ಕಾಪಾಡಲು ಕಾರೇ ಕರೆಂಟ್ ಇಳಿಸುತ್ತಾ ಹೋಗುತ್ತದೆ. 30ರಲ್ಲಿ ಎಳೆಯುತ್ತಿದ್ದದ್ದು 15ಕ್ಕೆ, 8ಕ್ಕೆ, ಕೊನೆಗೆ 3ಕ್ಕೆ ಬರುತ್ತದೆ. ಕೊನೆಯ 20 ಪರ್ಸೆಂಟ್‌ಗೆ ಅದಕ್ಕಿಂತ ಮೊದಲಿನ 60 ಪರ್ಸೆಂಟ್‌ನಷ್ಟೇ ಹೊತ್ತು ಹಿಡಿಯುವ ಕಾರುಗಳಿವೆ. ಹಿಂದೆ ಕಾರು ಕಾಯುತ್ತಿರುವಾಗ ಊರೊಳಗೆ 100 ಮಾಡಿಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ. ಆ ಹೊತ್ತು ಕಾಯುತ್ತಿರುವವರದ್ದು.

ನಿಮ್ಮ ಅನುಭವ ಬರೆಯಿರಿ. ಬೇರೆ ಬೇರೆ ಕಾರಿನವರು, ಅದರಲ್ಲೂ ಕ್ಯಾಬ್‌ನವರು ಬರೆದರೆ ಒಳ್ಳೆಯದು. ಅವರ ಮಾತು ಇಂಥ ಚರ್ಚೆಗಳಲ್ಲಿ ಕೇಳಿಸುವುದೇ ಕಡಿಮೆ.

ಹಳದಿ ಅಕ್ಷರ

ಕರೆದಿದ್ದೀರಿ, ಬರೆಯುತ್ತೇನೆ ಸಾರ್. ನಾನು ಕ್ಯಾಬ್ ಓಡಿಸುವವನು. ಸುಂಕದಕಟ್ಟೆ ಕಡೆ ಬಾಡಿಗೆ ಮನೆ, ಎರಡನೇ ಮಹಡಿ. ಕಾರು ನಿಲ್ಲುವುದು ರಸ್ತೆಯಲ್ಲಿ. ಮೇಲಿಂದ ವೈರ್ ಇಳಿಸಲು ಓನರ್ ಬಿಡುವುದಿಲ್ಲ, ಬಿಟ್ಟರೂ ರಸ್ತೆಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ನನಗೇ ಧೈರ್ಯ ಬರುವುದಿಲ್ಲ. ಹಾಗಾಗಿ ನನಗೆ ಇರುವುದು ಹೊರಗಿನ ಚಾರ್ಜರ್ ಒಂದೇ. ಮನೆ ಕರೆಂಟ್‌ಗೆ ಜಿಎಸ್‌ಟಿ ಇಲ್ಲ, ಹೊರಗೆ ಚಾರ್ಜ್ ಮಾಡಿದರೆ ಶೇಕಡಾ 18 ಸೇರುತ್ತದೆ. ಅಂದರೆ ಮನೆಯಲ್ಲಿ ಪಾಯಿಂಟ್ ಇಲ್ಲದವನೇ ಜಾಸ್ತಿ ಕೊಡುತ್ತಿದ್ದಾನೆ, ಜಾಸ್ತಿ ಕಾಯುತ್ತಿದ್ದಾನೆ.

ಗಾಡಿ ನಿಂತರೆ ಸಂಪಾದನೆ ನಿಂತ ಹಾಗೆ. ನಾವು ಚಾರ್ಜರ್ ಹತ್ತಿರ ಮಲಗಿರುತ್ತೇವೆ ಅಂತ ಕೆಲವರಿಗೆ ಕೋಪ. ಬೆಳಗಿನ ಜಾವ ಮೂರಕ್ಕೆ ಏರ್‌ಪೋರ್ಟ್ ಟ್ರಿಪ್ ಮುಗಿಸಿ ಬಂದವನು ಇನ್ನೆಲ್ಲಿ ಮಲಗಬೇಕು? ಒಂದು ಮಾಲ್‌ನಲ್ಲಿ "ಇದು ಕ್ಯಾಬ್‌ಗೆ ಅಲ್ಲ" ಅಂತ ಒಬ್ಬರು ನನ್ನನ್ನು ಎಬ್ಬಿಸಿ ಹೇಳಿದರು. ಬೋರ್ಡ್‌ನಲ್ಲಿ ಹಾಗೇನೂ ಬರೆದಿರಲಿಲ್ಲ. ನಾನೂ ಅವರಷ್ಟೇ ದುಡ್ಡು ಕೊಟ್ಟು ಹಾಕಿದ್ದೆ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಒಬ್ಬನ ಗನ್ ತೆಗೆಯುವಾಗ ಫೋನ್ ಮಾಡಿ ಗೆಳೆಯನನ್ನೇ ಕರೆಸಿ ಹಾಕಿಸುವುದು, ಮಧ್ಯೆ ಕಾಯುತ್ತಿದ್ದವರನ್ನು ಬಿಟ್ಟುಬಿಡುವುದು. ಇದು ನಡೆಯುತ್ತದೆ. ನಡೆಯಬಾರದು. ಲೈನ್ ಅಂದರೆ ಲೈನ್.

ಎಂಟುನೂರು ವೋಲ್ಟ್

ಕ್ಯಾಬ್‌ನವರ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಮನೆಯಲ್ಲಿ ಪಾಯಿಂಟ್ ಇದ್ದವರು ಹಿಂದೆ ನಿಲ್ಲಬೇಕು ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಯಾರ ಮನೆಯಲ್ಲಿ ಏನಿದೆ ಅಂತ ಅಲ್ಲಿ ನಿಂತು ವಿಚಾರಣೆ ಮಾಡುವುದಕ್ಕೆ ಆಗುತ್ತಾ? ಮೊದಲು ಬಂದವರಿಗೆ ಮೊದಲು ಅನ್ನುವುದನ್ನು ಮುಟ್ಟಬೇಡಿ.

ನನ್ನ ತಕರಾರು ಬೇರೆ. ನನ್ನದು ಐಯಾನಿಕ್ 5. ಒಳ್ಳೆಯ ಮಷೀನ್ ಸಿಕ್ಕರೆ ಬಹಳ ಬೇಗ ತುಂಬುತ್ತದೆ. ಹೈವೇಯಲ್ಲಿ ಒಂದು ಕಡೆ 240 ಕಿಲೋವ್ಯಾಟ್‌ನ ಮಷೀನ್, ಪಕ್ಕದಲ್ಲೇ 30ರದ್ದು. ಹಳೆಯ 30.2 ಯೂನಿಟ್‌ನ ನೆಕ್ಸಾನ್ ಒಂದು 240ಕ್ಕೆ ಹಾಕಿಕೊಂಡು ನಿಂತಿತ್ತು. ಆ ಕಾರು ಎಳೆಯುವುದೇ ಮೂವತ್ತರ ಒಳಗೆ. ಪಕ್ಕದ 30 ಖಾಲಿ. ನಾನು ಆ 30ಕ್ಕೆ ಹಾಕಿದರೆ ಎರಡು ಗಂಟೆ ಮೇಲೆ ಕೂರಬೇಕು, ಅವರು ಅಲ್ಲಿಗೆ ಹಾಕಿದ್ದರೆ ಅವರಿಗೆ ಒಂದು ನಿಮಿಷವೂ ವ್ಯತ್ಯಾಸ ಆಗುತ್ತಿರಲಿಲ್ಲ.

ದುಬಾರಿ ಕಾರಿಗೆ ಮರ್ಯಾದೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಬೇಗ ಮುಗಿಸಿ ಹೋಗುವ ಕಾರಿಗೆ ದೊಡ್ಡ ಮಷೀನ್ ಬಿಟ್ಟರೆ ಎಲ್ಲರ ಸಾಲೂ ಬೇಗ ಕರಗುತ್ತದೆ.

ಬನಶಂಕರಿ ಇವಿ

ಇದು ನ್ಯಾಯ. ಹಾಕುವ ಮೊದಲು ಮಷೀನ್ ಮೇಲಿನ ನಂಬರ್ ನೋಡಬೇಕು, ನಮ್ಮ ಕಾರು ಎಷ್ಟು ಎಳೆಯುತ್ತದೆ ಅಂತ ಗೊತ್ತಿರಬೇಕು. ಆದರೆ ಒಮ್ಮೆ ಹಾಕಿ ಶುರುವಾದ ಮೇಲೆ "ತೆಗೆಯಿರಿ, ನನ್ನದು ದೊಡ್ಡ ಕಾರು" ಅಂತ ಯಾರೂ ಕೇಳಬಾರದು. ಕೇಳಿದರೂ ಸೌಜನ್ಯದಿಂದ, ಪಕ್ಕದ್ದು ಕೆಲಸ ಮಾಡುತ್ತಿದೆ ಅಂತ ಖಚಿತ ಮಾಡಿಕೊಂಡು. ಎಷ್ಟೋ ಸಲ ಆ ಖಾಲಿ 30 ಖಾಲಿ ಇರುವುದೇ ಕೆಟ್ಟಿರುವುದರಿಂದ.

ಫೀಲ್ಡ್ ಕೆಲಸದವನು

ಚಾರ್ಜರ್ ರಿಪೇರಿ ನನ್ನ ಕೆಲಸ. ಕಂಪನಿ ಹೆಸರು ಬೇಡ. ಬೆಂಗಳೂರಲ್ಲಿ ನಾನು ಅಟೆಂಡ್ ಮಾಡುವ ಕಂಪ್ಲೇಂಟ್‌ಗಳಲ್ಲಿ ಮಷೀನ್ ಕೆಡದೇ "ಕೆಟ್ಟಿದೆ" ಅನ್ನಿಸಿಕೊಂಡವು ಬೇಕಾದಷ್ಟು. ಕಾರಣ, ಕೆಂಪು ಬಟನ್.

ಮಷೀನ್ ಮುಂಭಾಗದಲ್ಲಿ ಅಣಬೆ ಥರ ಉಬ್ಬಿದ ಕೆಂಪು ಎಮರ್ಜೆನ್ಸಿ ಬಟನ್ ಇರುತ್ತದೆ. ಬೆಂಕಿ, ಹೊಗೆ, ಶಾಕ್ ಅಂಥ ಹೊತ್ತಿಗೆ ಅಂತ ಇಟ್ಟಿರುವುದು. ಜನ ಏನು ಮಾಡುತ್ತಾರೆ ಅಂದರೆ, ಆ್ಯಪ್‌ನಲ್ಲಿ ಸ್ಟಾಪ್ ಆಗದಿದ್ದರೆ ಅದನ್ನು ಒತ್ತುತ್ತಾರೆ. ಇನ್ನೂ ಕೆಟ್ಟದ್ದು, ಬೇರೆಯವರ ಕಾರು 80 ದಾಟಿದೆ ಅಂತ ಕೋಪಕ್ಕೆ ಒತ್ತುತ್ತಾರೆ. ಒತ್ತಿದರೆ ಎರಡೂ ಗನ್ ಸಾಯುತ್ತದೆ. ಆ ಬಟನ್ ಒಳಗೇ ಕಚ್ಚಿಕೊಂಡಿರುತ್ತದೆ, ಬಾಣದ ಗುರುತಿನ ಕಡೆ ತಿರುಗಿಸಿದರೆ ಮಾತ್ರ ಹೊರಗೆ ಬರುತ್ತದೆ. ಒತ್ತಿದವರು ಹೋಗಿಬಿಟ್ಟಿರುತ್ತಾರೆ. ಮುಂದೆ ಬರುವವರೆಲ್ಲ ಸ್ಕ್ರೀನ್ ನೋಡಿ ವಾಪಸ್. ಮಷೀನ್ ಸತ್ತಂತೆ ಕಂಡರೆ ಮೊದಲು ಆ ಬಟನ್ ನೋಡಿ. ಒಳಗೆ ಹೋಗಿದ್ದರೆ, ಹೊಗೆ, ಸುಟ್ಟ ವಾಸನೆ ಏನೂ ಇಲ್ಲದಿದ್ದರೆ, ಮಷೀನ್ ಮೇಲಿನ ನಂಬರ್‌ಗೆ ಫೋನ್ ಮಾಡಿ. ಅವರು ಹೇಳಿದ ಮೇಲೆ ತಿರುಗಿಸಿ.

ಇನ್ನೊಂದು. ಬೇರೆಯವರ ಕಾರಿನಿಂದ ಗನ್ ಎಳೆಯಬೇಡಿ. ಸಿಸಿಎಸ್2ನಲ್ಲಿ, ಅಂದರೆ ಈಗಿನ ಹೆಚ್ಚಿನ ಕಾರುಗಳ ಫಾಸ್ಟ್ ಚಾರ್ಜಿಂಗ್ ಕನೆಕ್ಟರ್‌ನಲ್ಲಿ, ಗನ್ ಹಿಡಿದಿಟ್ಟುಕೊಳ್ಳುವ ಲಾಕ್ ಇರುವುದು ಕಾರಿನ ಕಡೆ. ಚಾರ್ಜಿಂಗ್ ನಿಂತರೂ ಕೆಲವು ಕಾರು ಓನರ್ ಬಂದು ಅನ್‌ಲಾಕ್ ಮಾಡುವ ತನಕ ಬಿಡುವುದಿಲ್ಲ. ಜಗ್ಗಾಡಿದರೆ ಕಾರಿನ ಪೋರ್ಟ್ ಹೋಗುತ್ತದೆ, ಅದು ಸಣ್ಣ ಖರ್ಚಲ್ಲ.

ಗನ್ ಕೆಳಗೆ ಬಿಡಬೇಡಿ. ಅದರ ಕೆಳಭಾಗದಲ್ಲಿ ಎರಡು ದಪ್ಪ ಕಾಂಟ್ಯಾಕ್ಟ್ ಇದೆಯಲ್ಲ, ಫಾಸ್ಟ್ ಚಾರ್ಜಿಂಗ್‌ನ ಡಿಸಿ ಕರೆಂಟ್ ಹೋಗುವುದು ಅದರಲ್ಲೇ. ಮಳೆಗಾಲದಲ್ಲಿ ಕೆಸರಿಗೆ ಬಿದ್ದ ಗನ್ ನಾನು ಬಿಚ್ಚಿ ನೋಡಿದ್ದೇನೆ. ಒಳಗೆ ಮಣ್ಣು, ತೇವ. ಮುಂದಿನವರು ಹಾಕಿದರೆ ಇನ್ಸುಲೇಷನ್ ಫಾಲ್ಟ್ ಅಂತ ಬರುತ್ತದೆ, ಶುರುವೇ ಆಗುವುದಿಲ್ಲ. ಅವರು ಬೈಯುವುದು ಕಂಪನಿಗೆ. ಹೋಲ್ಡರ್‌ಗೆ ಹಾಕಿ ಹೋಗಲು ಹತ್ತು ಸೆಕೆಂಡ್ ಸಾಕು.

ಕಾಮೆಟ್ ಪುಟ್ಟ

ನನ್ನ ಕಾರಿನ ಮೇಲೆ ಎಲ್ಲರಿಗೂ ಸಿಟ್ಟು, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಕಾಮೆಟ್ 2023ರದ್ದು. ಡಿಸಿ ಗನ್ ಇದಕ್ಕೆ ಕೂರುವುದೇ ಇಲ್ಲ. ಮನೆ ಕರೆಂಟ್‌ನಂಥ ನಿಧಾನದ ಎಸಿಯಲ್ಲಿ 3.3 ಕಿಲೋವ್ಯಾಟ್ ಮಾತ್ರ. ಖಾಲಿಯಿಂದ ತುಂಬಲು ಏಳು ಗಂಟೆ. ಕೆಲವು ಮಷೀನ್‌ಗಳಲ್ಲಿ ಎರಡು ಡಿಸಿ ಗನ್ ಜೊತೆ ಒಂದು ಎಸಿ ಗನ್ ಕೂಡ ಅದೇ ಕಂಬದಲ್ಲಿರುತ್ತದೆ. ಆದರೆ ಕಾರು ನಿಲ್ಲಿಸುವ ಜಾಗ ಎರಡೇ! ನಾನು ಎಸಿ ಹಾಕಿಕೊಂಡು ನಿಂತರೆ ಡಿಸಿ ಬೇಕಾದವರ ಜಾಗ ಹೋಯಿತು. ಬೈಸಿಕೊಳ್ಳುತ್ತೇನೆ.

ಈಗ ನಾನು ಅಲ್ಲಿ ಹಾಕುವುದನ್ನು ಬಿಟ್ಟಿದ್ದೇನೆ. ಆಫೀಸ್‌ನಲ್ಲಿ 15 ಆಂಪ್ ಸಾಕೆಟ್ ಕೊಟ್ಟಿದ್ದಾರೆ, ಅಲ್ಲೇ ದಿನವಿಡೀ ನಿಧಾನವಾಗಿ ತುಂಬುತ್ತದೆ. ಮಾಲ್, ಆಸ್ಪತ್ರೆ, ಮೆಟ್ರೋ ಸ್ಟೇಷನ್ ಪಾರ್ಕಿಂಗ್ ಮಾಡುವವರಿಗೆ ನನ್ನ ಬೇಡಿಕೆ ಇಷ್ಟೇ: ಎಸಿ ಪಾಯಿಂಟ್‌ಗಳನ್ನು ದೂರದ ಗೋಡೆಗೆ ಹಾಕಿ, ಜಾಸ್ತಿ ಹಾಕಿ. ಮೆಟ್ರೋ ಹತ್ತಿ ಹೋಗುವವರ ಕಾರು ಹೇಗೂ ಎಂಟು ಗಂಟೆ ಅಲ್ಲೇ ನಿಂತಿರುತ್ತದೆ. ಅದಕ್ಕೆ ಫಾಸ್ಟ್ ಚಾರ್ಜರ್ ಯಾಕೆ?

ಕನಕಪುರ ರಸ್ತೆ ಅಪಾರ್ಟ್‌ಮೆಂಟ್

ಕಾಮೆಟ್‌ನವರ ಮಾತು ನಮ್ಮಲ್ಲಿ ಅರ್ಧ ಕೆಲಸ ಮಾಡಿದೆ. ನಮ್ಮ ಅಸೋಸಿಯೇಷನ್‌ನಲ್ಲಿ ಮೊದಲು ಬೇಸ್‌ಮೆಂಟ್‌ನಲ್ಲಿ ಬೆಂಕಿ ಅನಾಹುತ ಅಂತ ಒಂದು ಭಯ, ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ ಅಂತ ಇನ್ನೊಂದು. ಮೊದಲನೆಯದಕ್ಕೆ ಸರಿಯಾದ ವೈರಿಂಗ್, ಪ್ರತ್ಯೇಕ ಎಂಸಿಬಿ, ಅರ್ಥಿಂಗ್, ಲೀಕೇಜ್ ಆದರೆ ಕಡಿದುಹಾಕುವ ಆರ್‌ಸಿಬಿಒ. ಎಕ್ಸ್‌ಟೆನ್ಷನ್ ಬಾಕ್ಸ್ ಪೂರ್ತಿ ನಿಷೇಧ. ಎರಡನೆಯದು ಮಾತ್ರ ನಿಜವಾದ ಪ್ರಶ್ನೆ. ಎಲ್ಲರೂ ಸಂಜೆ ಏಳಕ್ಕೆ ಬಂದು ಹಾಕಿದರೆ ಲೋಡ್ ಏರುತ್ತದೆ, ಅದೇ ಹೊತ್ತಿಗೆ ಗೀಸರ್, ಲಿಫ್ಟ್, ಪಂಪ್ ಎಲ್ಲ.

ಹಾಗಾಗಿ ಹಂಚಿಕೊಂಡು ಬಳಸುವ ಪಾಯಿಂಟ್ ಮಾಡಿದೆವು. ಬೆಸ್ಕಾಂನಿಂದ ಇವಿಗೇ ಅಂತ ಪ್ರತ್ಯೇಕ ಮೀಟರ್ ತಗೊಂಡೆವು, ಅದರ ದರವೇ ಬೇರೆ. ರಾತ್ರಿ ಹತ್ತರ ನಂತರ ಚಾರ್ಜ್ ಆಗುವ ಹಾಗೆ ಕಾರಿನಲ್ಲೇ ಟೈಮರ್ ಇಟ್ಟುಕೊಳ್ಳುತ್ತೇವೆ. ತುಂಬಿದ ಕಾರನ್ನು ಬೆಳಗ್ಗೆ ಏಳರೊಳಗೆ ತೆಗೆಯಬೇಕು. ತೆಗೆಯದಿದ್ದರೆ ಗ್ರೂಪ್‌ನಲ್ಲಿ ಯಾರೂ ಬೈಯುವುದಿಲ್ಲ, ಇಂಟರ್‌ಕಾಮ್‌ನಲ್ಲಿ ಒಂದು ಕರೆ. ಈ ಕರೆಯ ಪದ್ಧತಿ ಬಂದ ಮೇಲೆ ಕಿರಿಕಿರಿ ಬಹಳ ಇಳಿಯಿತು.

ಬಾಡಿಗೆ ಮನೆಯವರಿಗೆ ಒಂದು ವಿಷಯ. ಈಗಿರುವ ಮನೆ ಅಥವಾ ಆಫೀಸ್ ಕನೆಕ್ಷನ್‌ನಿಂದಲೇ ಇವಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಇದೆ. "ಕಾನೂನಿನಲ್ಲಿ ಇಲ್ಲ" ಅನ್ನುವ ಓನರ್‌ಗೆ ಅದನ್ನು ತೋರಿಸಿ.

ಹಳದಿ ಅಕ್ಷರ

ತೋರಿಸಬಹುದು ಸಾರ್. ಆದರೆ ಮುಂದಿನ ತಿಂಗಳು ಮನೆ ಖಾಲಿ ಮಾಡಿ ಅಂದರೆ? ನನ್ನಂಥವರಿಗೆ ಕಾಗದಕ್ಕಿಂತ ಏರಿಯಾದಲ್ಲಿ ರಾತ್ರಿ ನಿಲ್ಲಿಸುವ ಜಾಗ, ಅಲ್ಲಿ ನಾಲ್ಕು ನಿಧಾನದ ಪಾಯಿಂಟ್ ಇದ್ದರೆ ಸಾಕು. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಫಾಸ್ಟ್ ಚಾರ್ಜರ್ ಕಡೆ ನಾವು ಬರುವುದೇ ಇಲ್ಲ. ನಿಮಗೂ ಸಾಲು ಇರುವುದಿಲ್ಲ.

ಮಲ್ಲೇಶ್ವರದ ಹಳೆಯ ರೇವಾ

ಮೇಲಿನ ಮಾತಿಗೆ ನನ್ನ ಪೂರ್ತಿ ಬೆಂಬಲ. 2001ರಲ್ಲಿ ರೇವಾ ಎಲೆಕ್ಟ್ರಿಕ್ ಕಾರು ಬಂದದ್ದು ನಮ್ಮ ಬೆಂಗಳೂರಿನಿಂದಲೇ. ಆಗ ಚಾರ್ಜಿಂಗ್ ಸ್ಟೇಷನ್ ಅನ್ನುವ ಮಾತೇ ಇರಲಿಲ್ಲ, ಮನೆಯ 15 ಆಂಪ್ ಪ್ಲಗ್ ಅಷ್ಟೇ. ಅಂದರೆ ಸ್ವಂತ ಗ್ಯಾರೇಜ್ ಇದ್ದವರಿಗೆ ಮಾತ್ರ ಆ ಕಾರು. ಈಗ ಊರು ತುಂಬ ಸ್ಟೇಷನ್ ಬಂದ ಮೇಲೂ ಗ್ಯಾರೇಜ್ ಇದ್ದವರೇ ಮುಂದೆ ನಿಂತರೆ ಬದಲಾದದ್ದೇನು?

ರಾತ್ರಿ ಪಾಳಿ

ನಾನು ಹೆಣ್ಣುಮಗಳು, ರಾತ್ರಿ ಡ್ಯೂಟಿ ಮುಗಿಸಿ ಹನ್ನೊಂದರ ಮೇಲೆ ಚಾರ್ಜ್ ಮಾಡುವವಳು. ಎಲ್ಲರೂ "ಡ್ಯಾಶ್‌ಬೋರ್ಡ್ ಮೇಲೆ ಫೋನ್ ನಂಬರ್ ಬರೆದಿಡಿ" ಅನ್ನುತ್ತಾರೆ. ನಾನು ಇಡುವುದಿಲ್ಲ. ಕಾರಿನ ಗಾಜಿನಲ್ಲಿ ನನ್ನ ನಂಬರ್ ಇಟ್ಟು ಹೋಗುವುದು ನನಗೆ ಸುರಕ್ಷಿತ ಅನ್ನಿಸುವುದಿಲ್ಲ. ಹಾಗೆ ಇಡದವರೆಲ್ಲ ಸೊಕ್ಕಿನವರು ಅಂತ ಅಂದುಕೊಳ್ಳಬೇಡಿ.

ನಾನು ಒಂದು ಚೀಟಿ ಇಡುತ್ತೇನೆ. ಅದರಲ್ಲಿ "70 ಪರ್ಸೆಂಟ್‌ವರೆಗೆ, 11.50ಕ್ಕೆ ಹೊರಡುತ್ತೇನೆ" ಅಂತ ದಪ್ಪ ಅಕ್ಷರದಲ್ಲಿ. ಕಾಯುವವರಿಗೆ ಬೇಕಾಗಿರುವುದು ನನ್ನ ನಂಬರ್ ಅಲ್ಲವಲ್ಲ, ಇಲ್ಲೇ ಕಾಯಬೇಕಾ, ಬೇರೆ ಕಡೆ ಹೋಗಬೇಕಾ ಅನ್ನುವ ಉತ್ತರ. ಸೆಕ್ಯೂರಿಟಿ ಇದ್ದರೆ ಅವರಿಗೂ ಹೇಳಿರುತ್ತೇನೆ. ಈ ಚೀಟಿ ಇಟ್ಟ ಮೇಲೆ ಯಾರೂ ಬಂದು ಗಾಜು ತಟ್ಟಿಲ್ಲ.

ಇನ್ನು ಜಾಗ ಕೊಡುವವರಿಗೆ: ಚಾರ್ಜರ್‌ಗಳನ್ನು ಯಾವಾಗಲೂ ಪಾರ್ಕಿಂಗ್‌ನ ಕೊನೆಯ ಮೂಲೆಗೆ, ಕಸದ ಡಬ್ಬದ ಪಕ್ಕಕ್ಕೆ ತಳ್ಳುತ್ತೀರಿ. ಲೈಟ್ ಇರುವುದಿಲ್ಲ, ಮೇಲೆ ಸೂರೂ ಇರುವುದಿಲ್ಲ. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಆ ಭಾರದ ಗನ್, ಫೋನ್ ಬಾಯಲ್ಲಿ ಹಿಡಿದುಕೊಳ್ಳಬೇಕಾ? ಪೆಟ್ರೋಲ್ ಬಂಕ್‌ನಲ್ಲಿ ಇರುವಷ್ಟು ಬೆಳಕು ಇಲ್ಲಿಗೂ ಬೇಕು. ಇದೂ ಸೌಲಭ್ಯದ ಪ್ರಶ್ನೆಯೇ.

ಬನಶಂಕರಿ ಇವಿ

ಚೀಟಿಯ ವಿಷಯ ಬಹಳ ಚೆನ್ನಾಗಿದೆ. ಫೋನ್ ನಂಬರ್ ಇಡಿ ಅಂತ ನಾನೂ ಎಲ್ಲರಿಗೂ ಹೇಳುವವನಿದ್ದೆ, ಇನ್ನು ಹೊರಡುವ ಹೊತ್ತು ಬರೆದಿಡಿ ಅನ್ನುತ್ತೇನೆ.

ಮೈಸೂರು ರೋಡ್ ಹೋಟೆಲ್

ರಾಮನಗರ ಮತ್ತು ಮದ್ದೂರಿನ ಮಧ್ಯೆ ನಮ್ಮ ಹೋಟೆಲ್. ಆವರಣದಲ್ಲಿ ಚಾರ್ಜರ್ ಇದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಎಲ್ಲರೂ ನೂರರ ಹತ್ತಿರ ಓಡಿಸುತ್ತಾರೆ, ಆ ಸ್ಪೀಡ್‌ಗೆ ಬ್ಯಾಟರಿ ಊರೊಳಗೆ ಓಡಿಸುವುದಕ್ಕಿಂತ ಬೇಗ ಇಳಿಯುತ್ತದೆ. ಮೈಸೂರು ತನಕ ಆರಾಮಾಗಿ ಹೋಗಬಹುದು ಅಂದುಕೊಂಡು ಬಂದ ಸಣ್ಣ ಬ್ಯಾಟರಿಯವರು ವಾಪಸ್ ಬರುವಾಗ ನಮ್ಮಲ್ಲಿ ಇಳಿಯುತ್ತಾರೆ. ಭಾನುವಾರ ಸಂಜೆ, ದಸರಾ ರಜೆ ಬಂದರೆ ಸಾಲು ರಸ್ತೆ ತನಕ.

ನಮ್ಮ ಕಷ್ಟ ಎರಡು. ಮೊದಲನೆಯದು ಪೆಟ್ರೋಲ್ ಕಾರಿನವರು. ನೆರಳು ಇದೆ ಅಂತ ಚಾರ್ಜರ್ ಮುಂದೆ ನಿಲ್ಲಿಸಿ ಊಟಕ್ಕೆ ಹೋಗುತ್ತಾರೆ. ನೆಲಕ್ಕೆ ಹಸಿರು ಬಣ್ಣ ಬಳಿಸಿ, ಚೈನ್ ಹಾಕಿ, ಹುಡುಗನನ್ನು ನಿಲ್ಲಿಸಿದ ಮೇಲೆ ಸರಿಹೋಯಿತು.

ಎರಡನೆಯದು ನಿಜವಾಗಿ ತಲೆನೋವು. ಒಬ್ಬರು ಬಂದು ಲೈನ್‌ನಲ್ಲಿ ನಿಂತಿರುತ್ತಾರೆ. ಇನ್ನೊಬ್ಬರು ಬಿಡದಿಯಿಂದಲೇ ಆ್ಯಪ್‌ನಲ್ಲಿ ಬುಕ್ ಮಾಡಿಕೊಂಡು ಬಂದು "ಈ ಸ್ಲಾಟ್ ನನ್ನದು" ಅನ್ನುತ್ತಾರೆ. ಇಬ್ಬರದ್ದೂ ನ್ಯಾಯವೇ, ಮಧ್ಯೆ ನಮ್ಮ ಹುಡುಗ. ಕೊನೆಗೆ ನಾವೇ ಒಂದು ಪದ್ಧತಿ ಮಾಡಿದೆವು. ಗೇಟ್ ಹತ್ತಿರ ನೋಟ್‌ಬುಕ್. ಕಾರು ಒಳಗೆ ಬಂದ ಹೊತ್ತು, ನಂಬರ್. ಜಾಗಕ್ಕೆ ಬಂದವರಿಗೆ ಮೊದಲು, ಬುಕಿಂಗ್ ಇದ್ದರೂ ಬರದವರಿಗೆ ಇಲ್ಲ. 10 ಪರ್ಸೆಂಟ್‌ಗಿಂತ ಕೆಳಗೆ ಬಂದವರಿದ್ದರೆ ಮುಂದಿನವರನ್ನು ಕೇಳಿ ಅವರಿಗೆ ಸ್ವಲ್ಪ ಹಾಕಿಸಿಕೊಡುತ್ತೇವೆ, ಮುಂದಿನ ಸ್ಟೇಷನ್ ಮುಟ್ಟುವಷ್ಟು. ಕೇಳಿದರೆ ಇಲ್ಲ ಅಂದವರು ಕಡಿಮೆ. ಕೇಳದೆ ನುಗ್ಗಿದರೆ ಮಾತ್ರ ಗಲಾಟೆ.

ಎಂಟುನೂರು ವೋಲ್ಟ್

10 ಪರ್ಸೆಂಟ್ ಮಾತು ನನಗೆ ಇಷ್ಟವಾಯಿತು. ಅದು ಕಣ್ಣಿಗೆ ಕಾಣುತ್ತದೆ, ಡ್ಯಾಶ್‌ಬೋರ್ಡ್‌ನಲ್ಲೇ ಇದೆ. ಮನೆಯಲ್ಲಿ ಪಾಯಿಂಟ್ ಇದೆಯಾ ಇಲ್ವಾ ಅನ್ನುವುದು ಕಾಣುವುದಿಲ್ಲ.

ಲಿಥಿಯಂ ಐರನ್

80ರಲ್ಲಿ ನಿಲ್ಲಿಸಿ ಅನ್ನುವವರಿಗೆ ಒಂದು ತಿದ್ದುಪಡಿ. ನಮ್ಮಲ್ಲಿ ಬಹಳ ಕಾರುಗಳಿಗೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಅದನ್ನು ಆಗಾಗ 100 ಮಾಡಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಅನ್ನುವ ಲೆಕ್ಕ ಕಾರಿಗೇ ತಪ್ಪುತ್ತದೆ. ಮ್ಯಾನ್ಯುಯಲ್‌ನಲ್ಲೇ ಇದೆ.

ಫೀಲ್ಡ್ ಕೆಲಸದವನು

ಹೌದು, ಆದರೆ ಅದನ್ನು ನಿಧಾನದ ಎಸಿಯಲ್ಲಿ ಮಾಡಿಕೊಳ್ಳಿ. ಸೆಲ್‌ಗಳು ಸಮ ಆಗಲು ನಿಧಾನವೇ ಒಳ್ಳೆಯದು. ಭಾನುವಾರ ಸಂಜೆ ಹೈವೇಯ ಡಿಸಿಯಲ್ಲಿ ಕೂತು ಮಾಡುವ ಕೆಲಸ ಅದಲ್ಲ.

ಪಾರ್ಕಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನೂ ಸೇರಿಸುತ್ತೇನೆ. ಝಡ್‌ಎಸ್, ಹಳೆಯ ಕೋನಾಗೆ ಪೋರ್ಟ್ ಮೂತಿಯಲ್ಲಿ. ನೆಕ್ಸಾನ್, ಟಿಯಾಗೋಗೆ ಹಿಂದೆ, ಪೆಟ್ರೋಲ್ ಮುಚ್ಚಳ ಇರುವ ಕಡೆ. ಐಯಾನಿಕ್‌ಗೆ ಹಿಂದೆ ಬಲಕ್ಕೆ. ಕೇಬಲ್ ಎಲ್ಲದಕ್ಕೂ ಎಟುಕುವಷ್ಟು ಉದ್ದ ಇರುವುದಿಲ್ಲ. ಯಾವ ಕಡೆಯಿಂದ ಹೋದರೆ ನಿಮ್ಮ ಪೋರ್ಟ್ ಮಷೀನ್ ಹತ್ತಿರ ಬರುತ್ತದೆ ಅಂತ ನೋಡಿ, ಬೇಕಾದರೆ ರಿವರ್ಸ್ ಹಾಕಿ ನಿಲ್ಲಿಸಿ. ಅಡ್ಡಡ್ಡ ನಿಲ್ಲಿಸಿ ಎರಡು ಜಾಗ ತಿನ್ನಬೇಡಿ. ಪಕ್ಕದ ಕಾರಿನ ಮೇಲೆ ಕೇಬಲ್ ಹಾಯಿಸಲೂಬೇಡಿ, ಬಣ್ಣ ಕೀಳುತ್ತದೆ.

ಇನ್ನು ಮ್ಯಾಪ್‌ನಲ್ಲಿ ಕಂಡದ್ದೆಲ್ಲ ನಿಮ್ಮ ಕಾರಿಗೆ ಅಂತ ಹೊರಡಬೇಡಿ. ಹಳೆಯ ಭಾರತ್ ಡಿಸಿ-001 ಗನ್ 15 ಕಿಲೋವ್ಯಾಟ್‌ನದ್ದು, ಸಿಸಿಎಸ್2 ಕಾರಿಗೆ ಹಿಡಿಯುವುದಿಲ್ಲ. ಏಥರ್‌ನಂಥ ಸ್ಕೂಟರ್ ಪಾಯಿಂಟ್‌ಗಳೂ ಹಾಗೆಯೇ, ಕನೆಕ್ಟರ್ರೇ ಬೇರೆ. ಫಿಲ್ಟರ್‌ನಲ್ಲಿ ಸಿಸಿಎಸ್2 ಅಂತ ಹಾಕಿ ಹುಡುಕಿ.

ಬನಶಂಕರಿ ಇವಿ

ಎಂಟುನೂರು ವೋಲ್ಟ್ ಅವರಿಗೆ: ಮನೆಯಲ್ಲಿ ಏನಿದೆ ಅಂತ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ನಮ್ಮ ಮನೆಯಲ್ಲಿ ಏನಿದೆ ಅಂತ ನಮಗೆ ಗೊತ್ತಿದೆಯಲ್ಲ, ಅಷ್ಟು ಸಾಕು. ಹೈವೇ ಮಾತು ಬೇರೆ, ಅಲ್ಲಿ ಎಲ್ಲರೂ ಮನೆಯಿಂದ ದೂರ ಇರುತ್ತೇವೆ. ನಾನು ಹೇಳುತ್ತಿರುವುದು ಮಂಗಳವಾರ ಸಂಜೆ, ಮನೆಗೆ ನಾಲ್ಕು ಕಿಲೋಮೀಟರ್ ಇರುವಾಗ, ಆಫರ್ ಇದೆ ಅಂತ 60 ಪರ್ಸೆಂಟ್ ಇರುವ ಕಾರನ್ನು ಮಾಲ್‌ನಲ್ಲಿ ಹಾಕಿ ಶಾಪಿಂಗ್‌ಗೆ ಹೋಗುವುದರ ಬಗ್ಗೆ. ಹೊರಗೆ ಹಳದಿ ಅಕ್ಷರದ ಕಾರು 6 ಪರ್ಸೆಂಟ್‌ನಲ್ಲಿ ಕಾಯುತ್ತಿರುತ್ತದೆ.

ಎಂಟುನೂರು ವೋಲ್ಟ್

ಆ ಉದಾಹರಣೆ ಒಪ್ಪಿದೆ. ನಿಯಮ ಅಂತ ಮಾಡಿದರೆ ಈಗಲೂ ಒಪ್ಪುವುದಿಲ್ಲ. ಚಾರ್ಜ್ ಮುಗಿದ ಮೇಲೂ ಕಾರು ತೆಗೆಯದವರಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹಾಕಲಿ, 80ರ ಮೇಲೆ ದರ ಏರಿಸಲಿ. ಅದು ಎಲ್ಲರಿಗೂ ಒಂದೇ.

ಹಳದಿ ಅಕ್ಷರ

ದರ ಏರಿಸಿದರೆ ಮೊದಲು ಏಟು ಬೀಳುವುದು ನಮಗೆ ಸಾರ್. 80ರ ಮೇಲೆ ನಾವೂ ಕೆಲವು ಸಲ ಹೋಗುತ್ತೇವೆ, ದೂರದ ಟ್ರಿಪ್ ಬಂದಾಗ. ಮುಗಿದ ಮೇಲೆ ತೆಗೆಯದವರಿಗೆ ಹಾಕಲಿ, ಅದು ಬೇಕು. ಹದಿನೈದು ನಿಮಿಷ ಬಿಟ್ಟು ಶುರು ಮಾಡಲಿ, ಊಟದ ಬಿಲ್ ಕೊಡುತ್ತಿರುವವರೂ ಇರುತ್ತಾರೆ.

ಮೈಸೂರು ರೋಡ್ ಹೋಟೆಲ್

ರಾತ್ರಿ ಪಾಳಿ ಮೇಡಂ ಹೇಳಿದ ಚೀಟಿ ನಾವು ಪ್ರಿಂಟ್ ಹಾಕಿಸುತ್ತಿದ್ದೇವೆ. "ಎಷ್ಟು ಪರ್ಸೆಂಟ್‌ವರೆಗೆ, ಎಷ್ಟು ಗಂಟೆಗೆ ಹೊರಡುತ್ತೀರಿ" ಅಂತ ಎರಡೇ ಸಾಲು, ಪೆನ್ನಿನ ಜೊತೆ ಗೇಟ್‌ನಲ್ಲೇ ಕೊಡುತ್ತೇವೆ, ಗಾಜಿನ ಒಳಗೆ ಇಟ್ಟರೆ ಸಾಕು. ಚಾರ್ಜರ್ ಮೇಲೆ ಎರಡು ಲೈಟ್‌ಗೂ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಈ ವಾರಾಂತ್ಯ ಆ ಕಡೆ ಬರುವವರು ನೋಡಿ, ಏನು ಬದಲಾಯಿಸಬೇಕು ಅಂತ ಇಲ್ಲೇ ಬರೆಯಿರಿ.